192ರ ಫೈಲ್ ಹಚ್ಚಿದ್ರ ರಿಸೀವರ್ ಮ್ಯಾಲೆ 48 ಯಾಕ ಬರ್ತದ: ಸ್ಯಾಂಪಲ್ ರೇಟ್ ಎಲ್ಲೆ ಬದಲಾಗ್ತದ ಅಂತ ಹುಡುಕೂ ಸಮಗ್ರ ಮಾರ್ಗದರ್ಶಿ

ರೊಕ್ಕ ಕೊಟ್ಟು ತಗೊಂಡ 192 ಕಿಲೋಹರ್ಟ್ಜ್ 24 ಬಿಟ್ ಫೈಲು, ಕಂಪ್ಯೂಟರ್ ದಾಗ ನೋಡಿದ್ರ 192 ಅಂತನ ಬರದಿರ್ತದ, ಹಾಡೂ ಛಂದ ಬರ್ಲಿಕ್ಕತ್ತಿರ್ತದ, ಆದ್ರ ರಿಸೀವರ್ (ಸ್ಪೀಕರ್ ಎಲ್ಲಾ ನಡಸೂ ಆಂಪ್ಲಿಫೈಯರ್ ಡಬ್ಬಿ) ರಿಮೋಟಿನ ಇನ್ಫೋ ಬಟನ್ ಒತ್ತಿದ್ರ ಪಿಸಿಎಂ 48 ಅಂತ ತೋರಸ್ತದ, ಪಿಸಿಎಂ ಅಂದ್ರ ಸಂಕುಚಿತ ಮಾಡದ ಡಿಜಿಟಲ್ ಸದ್ದು. ಪುಣೆದ ಕೋಥ್ರೂಡದಾಗಿನ ನಮ್ಮ ಮನ್ಯಾಗ ಇದ ಆಗಿ ನಾ ಎರಡು ವಾರ ಒದ್ದಾಡೀನಿ, ಒಮ್ಮೆ ಕೇಬಲ್ ಬದಲಿ ಮಾಡೂದು, ಒಮ್ಮೆ ರಿಸೀವರ್ ರೀಸೆಟ್ ಮಾಡೂದು, ಒಮ್ಮೆ ಸಾಫ್ಟ್‌ವೇರ್ ತೆಗದು ಮತ್ತ ಹಾಕೂದು, ಎಲ್ಲಾ ಒಂದ ಸಲಕ್ಕ ಮಾಡಿದ್ದಕ್ಕ ಯಾವುದರಿಂದ ಏನಾತು ಅಂತನೂ ತಿಳೀಲಿಲ್ಲ. ಆಮ್ಯಾಲೆ ಇಲ್ಲೆ ಪುಣೆದಾಗಿನ ನಮ್ಮ ಧಾರವಾಡ ಕಡಿ ಗೆಳ್ಯಾರ ಮನ್ಯಾಗ ಮೂರ್ನಾಲ್ಕು ಸೆಟ್ ಕೂತು ನೋಡಿದೆ, ಎಲ್ಲಾ ಕಡೆ ತೊಂದರಿ ಬ್ಯಾರೆ ಬ್ಯಾರೆ ಇದ್ರೂ ಹುಡುಕೂ ದಾರಿ ಒಂದ ಇತ್ತು. ಆ ದಾರಿನ್ನ ಇಲ್ಲೆ ಪೂರ್ತಿ ಬರೀತೀನಿ, ಯಾಕಂದ್ರ ನಮ್ಮ ಮಂದಿ ಮನ್ಯಾಗ ಭೀಮಸೇನ ಜೋಶಿಯವರದು, ಮಲ್ಲಿಕಾರ್ಜುನ ಮನ್ಸೂರರದು, ಗಂಗೂಬಾಯಿಯವರದು ಅಂತ ಕೂಡಿಟ್ಟ ಸಂಗ್ರಹ ಭಾಳ ಇರ್ತದ, ಅದು ಸರಿಯಾಗಿ ಕೇಳಸ್ಬೇಕು ಅಂತ ನನಗ ಖರೇನ ಆಸೆ ಅದ.

ಸ್ಯಾಂಪಲ್ ರೇಟ್ ಅಂದ್ರ ಸದ್ದನ್ನ ಅಂಕಿ ಮಾಡೂ ಮುಂದ ಸೆಕೆಂಡಿಗೆ ಎಷ್ಟು ಸಲ ಅಳತಿ ತಗೊಂಡಾರ ಅನ್ನೂದು, 192 ಕಿಲೋಹರ್ಟ್ಜ್ ಅಂದ್ರ ಸೆಕೆಂಡಿಗೆ 1,92,000 ಸಲ; ಬಿಟ್ ಅಂದ್ರ ಒಂದೊಂದು ಅಳತಿ ಎಷ್ಟು ಸೂಕ್ಷ್ಮ ಅನ್ನೂದು. ಕಿಲೋಹರ್ಟ್ಜ್ ಅನ್ನೋ ಶಬ್ದ ಇನ್ನ ಮುಂದ ಬಿಟ್ಟುಬಿಡ್ತೀನಿ, 96 ಅಂದ್ರ 96 ಕಿಲೋಹರ್ಟ್ಜ್ ಅಂತ ತಿಳ್ಕೋರಿ.

ಮೊದಲ ಎರಡು ಮನೆತನ ತಿಳ್ಕೋರಿ

ಸ್ಯಾಂಪಲ್ ರೇಟ್ ದಾಗ ಎರಡು ಮನೆತನ ಅವ. ಒಂದು 44.1, 88.2, 176.4, ಇವು ಸಿಡಿ ಕಡಿಯವು. ಇನ್ನೊಂದು 48, 96, 192, ಇವು ವಿಡಿಯೋ ಕಡಿಯವು. ಈ 44.1 ಅನ್ನೋ ಸೊಟ್ಟ ಅಂಕಿ ಎಲ್ಲಿಂದ ಬಂತು ಅಂದ್ರ, ಮೊದಲ ಡಿಜಿಟಲ್ ಆಡಿಯೋನ ವಿಡಿಯೋ ಟೇಪ್ ಮ್ಯಾಲೆ ರೆಕಾರ್ಡ್ ಮಾಡ್ತಿದ್ರು, ಸೆಕೆಂಡಿಗೆ 60 ಫೀಲ್ಡ್, ಒಂದು ಫೀಲ್ಡಿಗೆ 245 ಗೆರಿ, ಒಂದು ಗೆರಿಗೆ 3 ಸ್ಯಾಂಪಲ್, ಗುಣಿಸಿದ್ರ 44,100 ಬರ್ತದ. 1982ರಾಗ ಸಿಡಿ ಬಂದಾಗ ಅದ ಅಂಕಿ ಕಾಯಂ ಆತು. ಇದನ್ನ ಯಾಕ ಹೇಳ್ಲಿಕ್ಕತ್ತೀನಿ ಅಂದ್ರ ಈ ಎರಡು ಮನೆತನದ ಫರಕಿನಿಂದನ ಮುಂದ ನಮ್ಮ ಕಳ್ಳ ಸಿಗ್ತಾನ.

ಪೆನ್ ಡ್ರೈವ್ ತಯಾರ ಮಾಡ್ರಿ

ಏನೂ ಮುಟ್ಟೂಕಿಂತ ಮೊದಲ ಇದೊಂದು ಕೆಲಸ ಮಾಡ್ರಿ. ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತದ. ಅದರಾಗ ಯಾವುದರ ಒಂದು ನಿಮಿಷದ ಹಾಡು ತಗೊಂಡು ಐದು ಸಲ ಫ್ಲಾಕ್ (ಸದ್ದಿನಾಗ ಏನೂ ಕಳೀದ ಗಾತ್ರ ಅಷ್ಟ ಕಮ್ಮಿ ಮಾಡೂ ಫೈಲ್ ನಮೂನಿ) ಆಗಿ ಎಕ್ಸ್‌ಪೋರ್ಟ್ ಮಾಡ್ರಿ, 44.1, 48, 88.2, 96, 192, ಒಂದೊಂದಕ್ಕ ಅದರ ಅಂಕಿನ ಹೆಸರಿಡ್ರಿ. ಇಲ್ಲೆ ದನಿಯ ಗುಣ ನೋಡೂದಿಲ್ಲ, ಅಂಕಿ ಅಷ್ಟ ನೋಡೂದು, ಹಂಗಾಗಿ ಮೂಲ ಫೈಲ್ ಯಾವುದಿದ್ರೂ ನಡೀತದ. ಪೆನ್ ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ದಾಗಿರ್ಲಿ, ಹಳೇ ರಿಸೀವರ್ ಗಳು ಬ್ಯಾರೆದನ್ನ ಓದೂದಿಲ್ಲ.

ಈಗ ಅದನ್ನ ರಿಸೀವರ್ ಮುಂದಿನ ಯುಎಸ್‌ಬಿ ಕಿಂಡಿಗೆ ಸೀದಾ ಹಾಕ್ರಿ. ನಡಕ ಕಂಪ್ಯೂಟರ್ ಇಲ್ಲ, ಟಿವಿ ಇಲ್ಲ, ವೈಫೈ ಇಲ್ಲ. ಐದೂ ಫೈಲ್ ಹಚ್ಚಿ ಪ್ರತಿಯೊಂದಕ್ಕ ಇನ್ಫೋ ಒತ್ತಿ ಏನ ಬರ್ತದ ಅಂತ ಒಂದು ಹಾಳಿ ಮ್ಯಾಲೆ ಬರ್ಕೋರಿ. ಕೆಲವು ರಿಸೀವರ್ ದಾಗ ಇನ್ಫೋ ಬಟನ್ ಇರೂದಿಲ್ಲ, ಸೆಟಪ್ ಮೆನುದಾಗ ಇನ್ಫರ್ಮೇಶನ್, ಅದರಾಗ ಆಡಿಯೋ ಅಂತ ಹೋದ್ರ ಇನ್‌ಪುಟ್ ಸಿಗ್ನಲ್ ಕಾಣಸ್ತದ, ಎಫ್‌ಎಸ್ ಅಂತ ಬರದಿದ್ರ ಅದ ಸ್ಯಾಂಪಲ್ ರೇಟ್. ಐದೂ ಸರಿ ಬಂದ್ರ ರಿಸೀವರ್ ಚೊಲೋ ಅದ ಅಂತ ಆತು, ಇನ್ನ ಅದರ ಸೆಟ್ಟಿಂಗ್ ಮುಟ್ಟಬ್ಯಾಡ್ರಿ, ತೊಂದರಿ ಅದರ ಹಿಂದಿನ ದಾರ್ಯಾಗ ಅದ. 192 ಒಂದ ಬರ್ಲಿಲ್ಲ ಅಂದ್ರ ಮ್ಯಾನ್ಯುಅಲ್ ದಾಗ ಯುಎಸ್‌ಬಿ ಫಾರ್ಮ್ಯಾಟ್ ಪಟ್ಟಿ ನೋಡ್ರಿ. ಎಷ್ಟೋ ರಿಸೀವರ್ ದಾಗ ಫ್ಲಾಕ್ ಗೆ 192 ತನಕ ಬಿಟ್ಟು ಆಪಲ್ ಲಾಸ್‌ಲೆಸ್ (ಆಪಲ್ ಕಂಪನಿಯ ಅಂಥದ ಫೈಲ್ ನಮೂನಿ) ಗೆ 96ಕ್ಕ ನಿಲ್ಲಿಸಿರ್ತಾರ. ಅಂಥಲ್ಲೆ ಆಪಲ್ ಲಾಸ್‌ಲೆಸ್ ಫೈಲ್ ನ ಫ್ಲಾಕ್ ಗೆ ಬದಲಿ ಮಾಡಿದ್ರ ಕೆಲಸ ಮುಗೀತು, ಎರಡೂ ಲಾಸ್‌ಲೆಸ್ ಆಗಿರೂದರಿಂದ ಒಂದು ಬಿಟ್ ಸೈತ ಹೋಗೂದಿಲ್ಲ.

ಈಗ 44.1 ಹಚ್ಚಿ ನೋಡ್ರಿ, 192 ಅಲ್ಲ

ಎಲ್ಲಾರೂ ಮಾಡೂ ತಪ್ಪು ಇದ, ನಾನೂ ಮಾಡೀನಿ. 192 ಬರ್ಲಿಲ್ಲ ಅಂತ 192 ಫೈಲನ್ನ ಮತ್ತ ಮತ್ತ ಹಚ್ಚಿ ನೋಡ್ತೀವಿ. ಅದರಿಂದ ಏನೂ ತಿಳ್ಯಾಂಗಿಲ್ಲ. ನೀವು ದಿನಾ ಕೇಳೂ ದಾರಿ ಯಾವುದದನೋ, ಲ್ಯಾಪ್‌ಟಾಪ್, ಟಿವಿ, ಫೋನ್ ಏನರ ಇರ್ಲಿ, ಆ ದಾರಿಯಿಂದ 44.1 ಫೈಲ್ ಹಚ್ರಿ.

44.1 ಹಚ್ಚಿದ್ರೂ ರಿಸೀವರ್ 48 ಅಂತ ತೋರಿಸ್ತು ಅಂದ್ರ ನಡಕ ಎಲ್ಲಾ ಸದ್ದು ಕೂಡಿಸೂ ಯಾವುದೋ ಸಾಫ್ಟ್‌ವೇರ್ ಮಿಕ್ಸರ್ ಕೂತದ, ಅದು ಏನ ಬಂದ್ರೂ 48 ಮಾಡಿ ಕಳಸ್ತದ, ಅಂದ್ರ ತಪ್ಪು ಕೇಬಲ್ಲಿನದಲ್ಲ, ಸಾಫ್ಟ್‌ವೇರಿನದು. 44.1 ಅದು 44.1 ಆಗೇ ಬಂತು, ಆದ್ರ 88.2 ಹಚ್ಚಿದ್ರ 44.1, 96 ಹಚ್ಚಿದ್ರ 48 ಬಂತು ಅಂದ್ರ ಪ್ಲೇಯರ್ ಗೆ ಯಾರೋ “ನನಗ 48ರ ಮ್ಯಾಲೆ ಬ್ಯಾಡ” ಅಂತ ಹೇಳ್ಯಾರ, ಅದಕ್ಕ ಪ್ಲೇಯರ್ ಅದ ಮನೆತನದಾಗ ಅರ್ಧ ಮಾಡಿ ಕಳಸ್ಲಿಕ್ಕತ್ತದ, ಇದು ಎಚ್‌ಡಿಎಂಐ ಮಾತುಕತಿ ತೊಂದರಿ. 96 ತನಕ ಎಲ್ಲಾ ಸರಿ ಬಂದು 192ಕ್ಕ ಸುಮ್ಮನಾಗ್ತದ ಇಲ್ಲಾ ಚಟ್ ಚಟ್ ಅಂತದ ಅಂದ್ರ ಆಪ್ಟಿಕಲ್ ಕೇಬಲ್ ಇಲ್ಲಾ ನೆಟ್‌ವರ್ಕ್ ನೋಡ್ರಿ. ಇಷ್ಟ ಪರೀಕ್ಷೆ ಹತ್ತು ನಿಮಿಷದ್ದು, ನನಗ ಇದು ಮೊದಲ ಗೊತ್ತಿದ್ರ ಎರಡು ವಾರ ಉಳೀತಿತ್ತು.

ವಿಂಡೋಸ್ ಇದ್ರ

ವಿಂಡೋಸ್ ತನ್ನ ಸ್ವಭಾವಕ್ಕ ಎಲ್ಲಾ ಸದ್ದನ್ನ, ಹಾಡು, ಬ್ರೌಸರ್, ಮೆಸೇಜ್ ಬಂದ ಟಿಂಗ್ ಅನ್ನೋ ಸದ್ದು, ಎಲ್ಲಾ ಕೂಡಿಸಿ ಒಂದ ರೇಟಿಗೆ ತಂದು ಹೊರಗ ಬಿಡ್ತದ. ಆ ರೇಟ್ ಎಲ್ಲೆ ಅದ ಅಂದ್ರ ಕಂಟ್ರೋಲ್ ಪ್ಯಾನೆಲ್, ಸೌಂಡ್, ಪ್ಲೇಬ್ಯಾಕ್ ದಾಗ ರಿಸೀವರ್ ಹೆಸರು ಆರಿಸಿ ಪ್ರಾಪರ್ಟೀಸ್, ಅಲ್ಲೆ ಅಡ್ವಾನ್ಸ್ಡ್ ಟ್ಯಾಬ್. ಡಿಫಾಲ್ಟ್ ಫಾರ್ಮ್ಯಾಟ್ ದಾಗ 16 ಬಿಟ್ 48000 ಅಂತ ಇರ್ತದ ಸಾಮಾನ್ಯ. ಭಾಳ ಮಂದಿ ಅದನ್ನ 192000ಕ್ಕ ಏರಿಸಿ ರಿಸೀವರ್ ಮ್ಯಾಲೆ 192 ಕಂಡ ಕೂಡ್ಲೆ ಖುಷಿ ಆಗ್ತಾರ, ಆದ್ರ ಆಗ ಆಗೂದೇನು ಅಂದ್ರ ಸಿಡಿ ಫೈಲ್ ಸೈತ ಹಿಗ್ಗಿ 192 ಆಗಿ ಹೋಗ್ತದ, ಅಂಕಿ ದೊಡ್ಡದಾತು ಅಷ್ಟ, ಹಾಡಿನಾಗ ಹೊಸಾದು ಏನೂ ಬರ್ಲಿಲ್ಲ.

ಸರಿಯಾದ ದಾರಿ ಎಕ್ಸ್‌ಕ್ಲೂಸಿವ್ ಮೋಡ್. ಅದ ಅಡ್ವಾನ್ಸ್ಡ್ ಟ್ಯಾಬ್ ದಾಗ ಕೆಳಗ ಎಕ್ಸ್‌ಕ್ಲೂಸಿವ್ ಕಂಟ್ರೋಲ್ ಬಗ್ಗೆ ಎರಡು ಚೌಕ ಇರ್ತಾವ, ಎರಡಕ್ಕೂ ಟಿಕ್ ಹಾಕ್ರಿ. ಆಮ್ಯಾಲೆ ಫೂಬಾರ್2000 ಪ್ಲೇಯರ್ ದಾಗ ಪ್ರಿಫರೆನ್ಸಸ್, ಔಟ್‌ಪುಟ್, ಅಲ್ಲೆ ಡಿವೈಸ್ ಪಟ್ಟ್ಯಾಗ ನಿಮ್ಮ ರಿಸೀವರ್ ಹೆಸರು ಎರಡು ಸಲ ಕಾಣಸ್ತದ, ಎಕ್ಸ್‌ಕ್ಲೂಸಿವ್ ಅಂತ ಬರದದ್ದನ್ನ ಆರಿಸ್ರಿ, ಬಿಟ್ ಡೆಪ್ತ್ 24 ಮಾಡ್ರಿ. ಇನ್ನ ಮುಂದ ಹಾಡು ಬದಲಾದಂಗ ರಿಸೀವರ್ ಮ್ಯಾಲಿನ ಅಂಕಿ ತಾನ ಬದಲಾಗ್ತದ. ಅದರ ಡಿಎಸ್‌ಪಿ ಮ್ಯಾನೇಜರ್ ದಾಗ ರೀಸ್ಯಾಂಪ್ಲರ್ (ರೇಟ್ ಬದಲಿ ಮಾಡೂ ಭಾಗ) ಇದ್ರ ತೆಗೀರಿ, ನಾನು ಯಾವಾಗೋ ಹಾಕಿ ಮರತುಬಿಟ್ಟಿದ್ದೆ.

ಮ್ಯಾಕ್ ಮತ್ತ ಲಿನಕ್ಸ್

ಮ್ಯಾಕ್ ದಾಗ ಯುಟಿಲಿಟೀಸ್ ಒಳಗ ಆಡಿಯೋ ಮಿಡಿ ಸೆಟಪ್ ಅಂತ ಅದ, ಅಲ್ಲೆ ರಿಸೀವರ್ ಆರಿಸಿ ರೇಟ್ ಹಾಕೂದು. ಆಪಲ್ ಮ್ಯೂಸಿಕ್ ಆ್ಯಪ್ ಫೈಲಿಗೆ ತಕ್ಕಂಗ ತಾನಾಗಿ ರೇಟ್ ಬದಲಿ ಮಾಡೂದಿಲ್ಲ, ನೀವ ಕೈಯಿಂದ ಬದಲಿ ಮಾಡ್ಬೇಕು, ಇಲ್ಲಾ ತಾನ ಬದಲಿ ಮಾಡೂ ಬ್ಯಾರೆ ಪ್ಲೇಯರ್ ತಗೋಬೇಕು. ಲಿನಕ್ಸ್ ದಾಗ ಈಗ ಸದ್ದು ಕೂಡಿಸ್ಲಿಕ್ಕೆ ಪೈಪ್‌ವೈರ್ ಅನ್ನೋ ಸಾಫ್ಟ್‌ವೇರ್ ಇರ್ತದ, ಅದೂ 48ಕ್ಕ ಕೂತಿರ್ತದ, ಅದರ ಕಾನ್ಫಿಗ್ ದಾಗ ಅಲೌಡ್ ರೇಟ್ಸ್ ಪಟ್ಟಿಗೆ ಉಳಿದ ರೇಟ್ ಸೇರಿಸಿ ರೀಸ್ಟಾರ್ಟ್ ಮಾಡಿದ್ರ ಆತು.

ಟಿವಿ, ಸ್ಟಿಕ್, ಫೋನ್

ಇಲ್ಲೆ ಬ್ಯಾಸರಾಗೂ ಮಾತು ಹೇಳ್ಬೇಕು. ಟಿವಿಯ ಆ್ಯಪ್ ದಾಗ ಹಾಡು ಹಚ್ಚಿ ಎಆರ್‌ಸಿ (ಟಿವಿಯ ಸದ್ದನ್ನ ಎಚ್‌ಡಿಎಂಐ ಲೆ ವಾಪಸ್ ಕಳಸೂ ದಾರಿ) ಕೇಬಲ್ ಲೆ ರಿಸೀವರಿಗೆ ತಂದ್ರ ಬಹುತೇಕ 48 ಬರ್ತದ, ಟಿವಿ ಒಳಗಿನ ಮಿಕ್ಸರ್ 48ರದು. ಇ-ಎಆರ್‌ಸಿ (ಎಆರ್‌ಸಿಯ ಸುಧಾರಿಸಿದ ರೂಪ) ಇದ್ರ 192 ತನಕ ಹೋಗಬಹುದು ಅಂತ ಡಬ್ಬಿ ಮ್ಯಾಲೆ ಬರದಿರ್ತದ, ಅದು ಸುಳ್ಳಲ್ಲ, ಆ ರಸ್ತೆ ಅಗಲ ಅದ, ಆದ್ರ ಟಿವಿ ಒಳಗಿನಿಂದ ಹೊರಡೂ ಗಾಡಿನ 48 ಇದ್ರ ರಸ್ತೆ ಅಗಲ ಇದ್ದು ಏನ ಮಾಡೂದು. ಆಪಲ್ ಟಿವಿ 4ಕೆ ಸೈತ 24 ಬಿಟ್ 48ಕ್ಕ ನಿಲ್ತದ. ಇಂಥಾದರ ಮ್ಯಾಲೆ ಸೆಟ್ಟಿಂಗ್ ಹುಡುಕ್ತಾ ರಾತ್ರಿ ಹಗಲು ಮಾಡಬ್ಯಾಡ್ರಿ, ಹೈ ರೆಸ್ (48ರ ಮ್ಯಾಲಿನ ರೇಟಿನ ಸದ್ದು) ಬೇಕಂದ್ರ ದಾರಿನ ಬದಲಿ ಮಾಡ್ಬೇಕು.

ಫೋನಿನಿಂದ ಬ್ಲೂಟೂತ್ ಅಂದ್ರ ಸಂಕುಚಿತ ಸದ್ದು. ಎಲ್‌ಡ್ಯಾಕ್ ಅನ್ನೋ ಬ್ಲೂಟೂತ್ ಪದ್ಧತಿ 96 ಅಂತ ತೋರಿಸಿದ್ರೂ ಅದರ ಗರಿಷ್ಠ ವೇಗ ಸೆಕೆಂಡಿಗೆ 990 ಕಿಲೋಬಿಟ್, 96/24 ಸ್ಟೀರಿಯೋಕ್ಕ ಬೇಕಾಗೂದು 4,608 ಕಿಲೋಬಿಟ್, ನೀವ ಲೆಕ್ಕಾ ಹಾಕ್ರಿ. ಏರ್‌ಪ್ಲೇ (ಆಪಲ್ ಯಂತ್ರದಿಂದ ವೈಫೈ ಮ್ಯಾಲೆ ಸದ್ದು ಕಳಸೂ ಪದ್ಧತಿ) ದಾಗ ಸಾಮಾನ್ಯ 44.1 ಕಾಣಸ್ತದ. ಆಂಡ್ರಾಯ್ಡ್ ಫೋನ್ ದಾಗ ಯುಎಸ್‌ಬಿ ಡ್ಯಾಕ್ (ಅಂಕಿಯನ್ನ ಸದ್ದಿನ ಸಿಗ್ನಲ್ ಮಾಡೂ ಯಂತ್ರ) ಹಚ್ಚಿ ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಅಂಥ ಆ್ಯಪ್ ಬಳಸಿದ್ರ ಸಿಸ್ಟಮ್ ಮಿಕ್ಸರ್ ದಾಟಿ ಹೋಗಬಹುದು. ನನ್ನ ಕೇಳಿದ್ರ ಫೋನನ್ನ ಬರೇ ರಿಮೋಟ್ ಆಗಿ ಇಟ್ಕೋರಿ, ಅಂದ್ರ ರಿಸೀವರಿನ ಆ್ಯಪ್ ದಾಗ ಹಾಡು ಆರಿಸೂದು, ಫೈಲ್ ಮಾತ್ರ ರಿಸೀವರ್ ತಾನ ನೆಟ್‌ವರ್ಕ್ ದಿಂದ ಎಳ್ಕೊಳ್ಳೂದು. ಅದು ಎಲ್ಲಾಕ್ಕಿಂತ ಸ್ವಚ್ಛ ದಾರಿ.

ಎಚ್‌ಡಿಎಂಐ ಮಾತುಕತಿ

ಎಚ್‌ಡಿಎಂಐ ಜೋಡಿಸಿದ ಕೂಡ್ಲೆ ಆಕಡೆಯ ಯಂತ್ರ ಈಕಡೆಯದಕ್ಕ ಒಂದು ಪಟ್ಟಿ ಕೊಡ್ತದ, ನನಗ ಇಂತಿಂಥ ರೇಟ್ ನಡೀತಾವ, ಇಷ್ಟ ಚಾನೆಲ್ ನಡೀತಾವ ಅಂತ. ಇದಕ್ಕ ಎಡಿಡ್ ಅಂತಾರ. ಕಂಪ್ಯೂಟರ್ ಆ ಪಟ್ಟಿ ನೋಡಿನ ರೇಟ್ ಆರಸ್ತದ. ಪಟ್ಟಿ ತಪ್ಪಿದ್ರ ಮುಂದಿನದೆಲ್ಲಾ ತಪ್ಪು.

ನಮ್ಮ ಮನ್ಯಾಗ ಕಡೀಕ ಸಿಕ್ಕ ಕಾರಣ ಇದ. ಪುಣೆದ ಎಲೆಕ್ಟ್ರಾನಿಕ್ಸ್ ಪ್ಯಾಟಿ ತಾಪ್ಕೀರ್ ಗಲ್ಲ್ಯಾಗ ತಗೊಂಡ ಒಂದು ಸಣ್ಣ ಎಚ್‌ಡಿಎಂಐ ಸ್ಪ್ಲಿಟರ್ ಲ್ಯಾಪ್‌ಟಾಪ್ ಮತ್ತ ರಿಸೀವರ್ ನಡಕ ಇತ್ತು, ಬೆಡ್‌ರೂಮಿನ ಟಿವಿಗೂ ಅದರಿಂದನ ಒಂದು ವೈರ್ ಹೋಗಿತ್ತು. ಆ ಸ್ಪ್ಲಿಟರ್ ರಿಸೀವರಿನ ಪಟ್ಟಿ ಬಿಟ್ಟು ಟಿವಿಯ ಪಟ್ಟಿ ಕೊಡ್ತಿತ್ತು, ಟಿವಿ ಪಟ್ಟ್ಯಾಗ 48ರ ಮ್ಯಾಲೆ ಇರ್ಲಿಲ್ಲ. ಸ್ಪ್ಲಿಟರ್ ಕಿತ್ತು ಲ್ಯಾಪ್‌ಟಾಪಿನಿಂದ ಸೀದಾ ರಿಸೀವರಿಗೆ ಹಚ್ಚಿದೆ, ಮರುಗಳಿಗೆ 192 ಬಂತು. ಹಂಗಾಗಿ ಮೊದಲ ನಡಕ ಇರೂ ಸ್ಪ್ಲಿಟರ್, ಸ್ವಿಚ್, ಎಕ್ಸ್‌ಟೆಂಡರ್ ಎಲ್ಲಾ ತೆಗೀರಿ. ಲ್ಯಾಪ್‌ಟಾಪ್ ಟಿವಿಗೆ ಹೋಗಿ ಟಿವಿಯಿಂದ ರಿಸೀವರಿಗೆ ಬರೂ ಜೋಡಣಿ ಇದ್ರ ಅದನ್ನ ಉಲ್ಟಾ ಮಾಡ್ರಿ, ಲ್ಯಾಪ್‌ಟಾಪ್ ರಿಸೀವರಿಗೆ, ರಿಸೀವರ್ ಟಿವಿಗೆ.

ಕರೆಂಟ್ ಹೋಗಿ ಬಂದ ಮ್ಯಾಲೆ ಒಮ್ಮೊಮ್ಮೆ ಎಲ್ಲಾ ಒಂದ ಸಲ ಚಾಲೂ ಆಗಿ ಈ ಮಾತುಕತಿ ಅರ್ಧಕ್ಕ ನಿಲ್ತದ, ನಿನ್ನಿ ತನಕ ಸರಿ ಇದ್ದದ್ದು ಇವತ್ತ 48 ಆಗಿರ್ತದ. ಆಗ ಎಲ್ಲಾದರ ಪ್ಲಗ್ ತೆಗದು ಒಂದೆರಡು ನಿಮಿಷ ಬಿಟ್ಟು ಮೊದಲ ಟಿವಿ, ಆಮ್ಯಾಲೆ ರಿಸೀವರ್, ಎಲ್ಲಾದಕ್ಕೂ ಕಡೀಕ ಕಂಪ್ಯೂಟರ್ ಚಾಲೂ ಮಾಡ್ರಿ. ಇನ್ನೊಂದು, ಎಚ್‌ಡಿಎಂಐದಾಗ ಸದ್ದು ಚಿತ್ರದ ನಡುವಿನ ಖಾಲಿ ಜಾಗಾದಾಗ ಕೂತು ಹೋಗ್ತದ, ಹಂಗಾಗಿ ಸ್ಕ್ರೀನ್ ರೆಸಲ್ಯೂಶನ್ ಭಾಳ ಕಮ್ಮಿ ಇದ್ರ ಮಲ್ಟಿ ಚಾನೆಲ್ ಹೈ ರೆಸ್ ಗೆ ಜಾಗಾ ಸಾಲೂದಿಲ್ಲ, 1080ಪಿ ಇಡ್ರಿ.

ಆಪ್ಟಿಕಲ್ ಮತ್ತ ನೆಟ್‌ವರ್ಕ್

ಆಪ್ಟಿಕಲ್ ಕಿಂಡಿ ಎಷ್ಟೋ ಯಂತ್ರದಾಗ 96 ತನಕ ಅಷ್ಟ ಭರವಸೆ. 192ಕ್ಕ ಚಟ್ ಚಟ್ ಅಂದ್ರ ಕೇಬಲ್ ಮಡಚಿಲ್ಲಲ್ಲ, ತುದಿ ಪೂರ್ತಿ ಒಳಗ ಕೂತದಲ್ಲ ನೋಡ್ರಿ, ಗಿಡ್ಡ ಕೇಬಲ್ ಹಾಕಿ ನೋಡ್ರಿ, ಕೊಆಕ್ಸಿಯಲ್ ಇದ್ರ 75 ಓಮ್ ಕೇಬಲ್ ಲೆ ಅದಕ್ಕ ಹೋಗ್ರಿ. ಏನೂ ಆಗ್ಲಿಲ್ಲ ಅಂದ್ರ ಆ ದಾರಿಗೆ 96ಕ್ಕ ಇಳಿಸಿ ಸಮಾಧಾನ ಆಗ್ರಿ.

ನೆಟ್‌ವರ್ಕ್ ಮ್ಯಾಲೆ 192/24 ಸ್ಟೀರಿಯೋ ಅಂದ್ರ ಸೆಕೆಂಡಿಗೆ 9.2 ಮೆಗಾಬಿಟ್. ಕೇಳ್ಲಿಕ್ಕೆ ಸಣ್ಣ ಅಂಕಿ, ಆದ್ರ ನಮ್ಮ ಸೊಸೈಟಿದಾಗ ಫೋನ್ ತೆಗದು ನೋಡಿದ್ರ ನೆರೆಮನಿಯವರ ವೈಫೈ ಇಪ್ಪತ್ತರ ಮ್ಯಾಲೆ ಕಾಣಸ್ತಾವ, ಎಲ್ಲಾ 2.4 ಗಿಗಾಹರ್ಟ್ಜ್ ಮ್ಯಾಲೆ ಗದ್ದಲ. ಸಂಜಿಕ ಎಲ್ಲಾರೂ ಮನಿಗೆ ಬಂದ ಮ್ಯಾಲೆನ ಹಾಡು ತುಂಡಾಗ್ತದ ಅಂದ್ರ ಇದ ಕಾರಣ. ಲ್ಯಾನ್ ಕೇಬಲ್ ಎಳೀರಿ, ಆಗದಿದ್ರ 5 ಗಿಗಾಹರ್ಟ್ಜ್. ಇನ್ನ ರಿಸೀವರ್ ಮ್ಯಾಲೆ ಫ್ಲಾಕ್ ಅನ್ನೂ ಜಾಗಾದಾಗ ಎಂಪಿ3 ಅಂತ ಬಂದ್ರ ಸರ್ವರ್ ಸಾಫ್ಟ್‌ವೇರ್ ತಾನ ಫೈಲ್ ಬದಲಿ ಮಾಡಿ ಕೊಡ್ಲಿಕ್ಕತ್ತದ, ಅದರ ಸೆಟ್ಟಿಂಗ್ ದಾಗ ಟ್ರಾನ್ಸ್‌ಕೋಡಿಂಗ್ ಬಂದ್ ಮಾಡ್ರಿ.

ಅಂಕಿ ಸರಿ ಬಂದ ಮ್ಯಾಲೂ ರಿಸೀವರ್ ಒಳಗ ಏನಾಗ್ತದ

ಇದನ್ನ ಯಾರೂ ಹೇಳೂದಿಲ್ಲ, ಅದಕ್ಕ ಸ್ವಲ್ಪ ಬಿಡಿಸಿ ಬರೀತೀನಿ. ರಿಸೀವರ್ ಮ್ಯಾಲೆ ಕಾಣಸೂ 192 ಅನ್ನೂದು ಬಾಗಲಿಗೆ ಬಂದ ಸಿಗ್ನಲ್ಲಿನ ಅಂಕಿ. ಒಳಗ ಹೋದ ಮ್ಯಾಲೆ ಆಡಿಸ್ಸಿ ಅಂಥ ರೂಮ್ ಕರೆಕ್ಷನ್ (ಖೋಲಿಯಿಂದ ಕೆಡೂ ಸದ್ದನ್ನ ಲೆಕ್ಕಾ ಹಾಕಿ ಸರಿ ಮಾಡೂದು) ಚಾಲೂ ಇದ್ರ ಹಲವು ರಿಸೀವರ್ ಗಳು ಅದನ್ನ 48ಕ್ಕ ಇಳಿಸಿನ ಲೆಕ್ಕಾ ಮಾಡ್ತಾವ, ಯಾಕಂದ್ರ ಒಳಗಿನ ಪ್ರೊಸೆಸರಿಗೆ ಅಷ್ಟ ಶಕ್ತಿ ಇರ್ತದ. ಪ್ಯೂರ್ ಡೈರೆಕ್ಟ್ ಒತ್ತಿದ್ರ ಕರೆಕ್ಷನ್ ಬಂದ್ ಆಗಿ 192 ಹಂಗ ಡ್ಯಾಕ್ ಗೆ ಹೋಗ್ತದ, ಆದ್ರ ಅದರ ಜೋಡಿ ಬಾಸ್ ಮ್ಯಾನೇಜ್‌ಮೆಂಟ್ (ದಪ್ಪ ಸದ್ದನ್ನ ಸಬ್‌ವೂಫರಿಗೆ ಕಳಸೂದು) ಕೂಡ ಹೋಗಿ ಎಷ್ಟೋ ರಿಸೀವರ್ ದಾಗ ಸಬ್‌ವೂಫರ್ ಸುಮ್ಮನಾಗ್ತದ. ಸಬ್‌ವೂಫರ್ ಕೆಟ್ಟದ ಅಂತ ರಿಪೇರಿಗೆ ಒಯ್ದವರನ್ನ ನಾ ನೋಡೀನಿ.

ಯಾವುದು ಇಡಬೇಕು? ನನ್ನ ಮಾತು ಸ್ಪಷ್ಟ ಅದ, ನಮ್ಮ ಪುಣೆ ಫ್ಲಾಟ್ ದಾಗ ರೂಮ್ ಕರೆಕ್ಷನ್ ಇಟ್ಟು 48 ಕೇಳೂದು ಚೊಲೋ. ನೆಲಕ್ಕ ಹೊಳೆಯೂ ಟೈಲ್ಸ್, ಒಂದು ಗ್ವಾಡಿ ಪೂರ್ತಿ ಗಾಜಿನ ಬಾಲ್ಕನಿ ಬಾಗಲಾ, ಉಳಿದ ಗ್ವಾಡಿ ಬೋಳು, ತಬಲಾದ ಬಾಯಾ ಒಂದು ಪೆಟ್ಟು ಬಿದ್ರ ಮೂರು ಸಲ ಗುಂ ಅಂತದ. ಆ ಗುಂ ಅನ್ನೂದನ್ನ 192 ತೆಗೀಲಿಕ್ಕಾಗೂದಿಲ್ಲ, ಕರೆಕ್ಷನ್ ಸ್ವಲ್ಪ ತೆಗೀತದ, ಒಂದು ದಪ್ಪ ಜಮಖಾನಿ ಇನ್ನ ಸ್ವಲ್ಪ ತೆಗೀತದ. 48ರಾಗ 24 ಕಿಲೋಹರ್ಟ್ಜ್ ತನಕದ ಸದ್ದು ಹಿಡೀತದ, ಮನಷಾನ ಕಿವಿ 20ರ ತನಕ, ವಯಸ್ಸಾದಂಗ ಅದೂ ಇಳೀತದ. ಆದ್ರೂ ಎರಡೂ ಹಚ್ಚಿ ನಿಮ್ಮ ಕಿವಿಲೆ ಕೇಳ್ರಿ, ವಾಲ್ಯೂಮ್ ಒಂದ ಸಮ ಇಟ್ಟು ಕೇಳ್ರಿ, ಜೋರಾಗಿರೂದು ಯಾವಾಗ್ಲೂ ಛಂದ ಅನಸ್ತದ.

ಸುರ ಇಳದ್ರ ರಿಸೀವರ್ ಮುಟ್ಟಬ್ಯಾಡ್ರಿ

ಹೋದ ಸಲ ನಮ್ಮ ಕಾಕಾ ಬಂದಿದ್ರು, ಕುಂದಗೋಳದ ಕಡಿಯವರು, ಸವಾಯಿ ಗಂಧರ್ವರ ಊರು ಅದು, ಅವರ ನೆನಪಿಗೆ ಭೀಮಸೇನ ಜೋಶಿಯವರು 1953ರಾಗ ಇದ ಪುಣೆದಾಗ ಚಾಲೂ ಮಾಡಿದ ಸಂಗೀತೋತ್ಸವಕ್ಕ ಕಾಕಾ ಎಷ್ಟೋ ವರ್ಷ ತಪ್ಪದ ಬಂದವರು. ಯಾರೋ ಟೇಪಿನಿಂದ ತೆಗದು ಕೊಟ್ಟ ಒಂದು ಹಳೇ ಬೈಠಕ್ಕಿನ ಫೈಲ್ ಹಚ್ಚಿದೆ, ಎರಡು ನಿಮಿಷದಾಗ ಅವರು “ತಂಬೂರಿನ ಇಳದದಲ್ಲೋ ತಮ್ಮಾ, ಇದು ಅವರ ಸುರ ಅಲ್ಲ” ಅಂದ್ರು. ನನಗ ತಿಳದಿರ್ಲಿಲ್ಲ. ನೋಡಿದ್ರ 48ರಾಗ ರೆಕಾರ್ಡ್ ಆದ ಫೈಲಿಗೆ 44.1 ಅಂತ ಚೀಟಿ ಹಚ್ಚಿತ್ತು. ಹಂಗಾದ್ರ ಹಾಡು ಸಾವಕಾಶ ಓಡ್ತದ, ಸುರ ಸುಮಾರು ಒಂದೂವರಿ ಪಟ್ಟಿ ಇಳೀತದ, ಕರಿ ಒಂದರಾಗ ಹಾಡಿದ್ದು ಬಿಳಿ ಒಂದು ಬಿಳಿ ಏಳರ ನಡಕ ಬಂದು ಹಾರ್ಮೋನಿಯಂದ ಯಾವ ಪಟ್ಟಿಗೂ ಕೂಡೂದಿಲ್ಲ, 60 ನಿಮಿಷದ ಹಾಡು 65 ನಿಮಿಷ ದಾಟ್ತದ. ಫೋನಿನ ತಂಬೂರಿ ಆ್ಯಪ್ ಹಚ್ಚಿ ಸುರ ಕೂಡಿಸಿ ನೋಡಿದ್ರ ನಿಮಗೂ ಸಿಗ್ತದ.

ಎಚ್‌ಡಿಎಂಐ, ಆಪ್ಟಿಕಲ್ ಎರಡರಾಗೂ ರಿಸೀವರ್ ಕಳಸೂ ಯಂತ್ರದ ಗಡಿಯಾರಕ್ಕನ ಹೊಂದ್ಕೊಂಡು ನಡೀತದ, ಹಂಗಾಗಿ ಸುರ ಏರಿಳಿತ ಆದ್ರ ತಪ್ಪು ಫೈಲಿಂದು ಇಲ್ಲಾ ಪ್ಲೇಯರಿಂದು. ಸರಿ ಮಾಡ್ಲಿಕ್ಕೆ ಆಡಾಸಿಟಿದಾಗ ಫೈಲ್ ತೆಗದು ಟ್ರ್ಯಾಕಿನ ಹೆಸರಿನ ಮೆನುದಾಗ ರೇಟ್ ಅಂತ ಇರ್ತದ, ಅಲ್ಲೆ 48000 ಆರಿಸ್ರಿ. ಟ್ರ್ಯಾಕ್ಸ್ ಮೆನುದಾಗಿನ ರೀಸ್ಯಾಂಪಲ್ ಅಲ್ಲ, ನೆನಪಿಡ್ರಿ, ಅದು ಇಳದ ಸುರಾನ ಹಂಗ ಇಟ್ಟು ಅಂಕಿ ಅಷ್ಟ ಬದಲಿ ಮಾಡ್ತದ. ಆಮ್ಯಾಲೆ 48ರಾಗ ಎಕ್ಸ್‌ಪೋರ್ಟ್ ಮಾಡ್ರಿ, ಮೂಲ ಫೈಲ್ ಅಳಿಸಬ್ಯಾಡ್ರಿ.

ಉಳಿದ ಎರಡು ಸಣ್ಣ ವಿಷಯ

ಪ್ರತಿ ಹಾಡಿನ ಮೊದಲ ಒಂದು ಸೆಕೆಂಡ್ ನುಂಗಿದ್ರ ಅದು ರೇಟ್ ಬದಲಾದಾಗ ರಿಸೀವರ್ ಹೊಸಾ ಗಡಿಯಾರಕ್ಕ ಹೊಂದ್ಕೊಳ್ಳೂ ಹೊತ್ತು, ಆಗ ಅದು ಮ್ಯೂಟ್ ಆಗ್ತದ. ಒಂದ ರೇಟಿನ ಹಾಡುಗಳನ್ನ ಒಂದು ಪಟ್ಟ್ಯಾಗ ಇಟ್ರ ಒಂದ ಸಲ ಅಷ್ಟ ಆಗ್ತದ.

ಇನ್ನ ಫೈಲ್ ಖರೇನ ಹೈ ರೆಸ್ ಅದನೋ ಇಲ್ಲೋ ಅಂತ ಸ್ಪೆಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ದಾಗ ನೋಡ್ರಿ. 96 ಅಂತ ಕೊಟ್ಟ ಫೈಲಿನ ಚಿತ್ರ 22 ಕಿಲೋಹರ್ಟ್ಜ್ ಹತ್ರ ಗ್ವಾಡಿ ಕಟ್ಟಿದಂಗ ಕಡದಿದ್ರ ಅದು ಸಿಡಿನ ಹಿಗ್ಗಿಸಿದ್ದು, ರೊಕ್ಕ ವಾಪಸ್ ಕೇಳ್ರಿ. ಮನ್ಯಾಗಿನ ಹಳೇ ಕ್ಯಾಸೆಟ್ ಗಳನ್ನ ನೀವ ಡಿಜಿಟಲ್ ಮಾಡೋರಿದ್ರ 48/24 ಸಾಕು, ಕ್ಯಾಸೆಟ್ಟಿನಾಗ ಅಷ್ಟು ಮ್ಯಾಲಿನ ಸದ್ದ ಇರೂದಿಲ್ಲ. 192ರಾಗ ತೆಗದು ಜಾಗಾ ತುಂಬಿಸೂಕಿಂತ ಡೆಕ್ಕಿನ ಹೆಡ್ ಅನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಲೆ ಒರೆಸಿ ಒಮ್ಮೆ ಹಚ್ಚಿ ಕೇಳ್ರಿ, ಭಾಳ ಫರಕ ಅಲ್ಲೆ ಸಿಗ್ತದ.